ಬೈರಮಂಗಲದ ವೃದ್ಧರೂ ಪಿಂಚಣಿಯ ನೀತಿಯೂ

ವೃಷಭಾವತಿಯ ಜಲಾಶಯದ ಮಗ್ಗುಲಿನ ಬೈರಮಂಗಲದಲ್ಲಿ, ಹಿಪ್ಪುನೇರಳೆ ಸೊಪ್ಪು ಕಡಿದು ಹುಳು ಸಾಕುತ್ತ, ಡೇರಿಗೆ ಹಾಲು ಹಾಕುತ್ತ ಮುಪ್ಪನ್ನು ಮುಟ್ಟಿದವರೂ, ಬಿಡದಿಯ ಕಾರ್ಖಾನೆಗಳಲ್ಲಿ ದುಡಿದು ಐವತ್ತೆಂಟು ತುಂಬಿದೊಡನೆ ಮನೆ ಸೇರಿದವರೂ ನೆರೆಹೊರೆಯವರು. ಮೊದಲಿನವರಿಗೆ ಸಂಧ್ಯಾ ಸುರಕ್ಷಾ ಯೋಜನೆ. ಎರಡನೆಯವರಿಗೆ 1995ರ ನೌಕರರ ಪಿಂಚಣಿ ಯೋಜನೆ. ಉದ್ದೇಶದಲ್ಲಿಯೂ ಸ್ವರೂಪದಲ್ಲಿಯೂ ಭಿನ್ನವಾದ ಈ ಎರಡರಲ್ಲಿಯೂ ದೋಷವೊಂದೇ: ಒಮ್ಮೆ ಗೊತ್ತುಮಾಡಿದ ಮೊತ್ತವನ್ನು ಬೆಲೆಯೇರಿಕೆಗೆ ಹೊಂದಿಸಿಕೊಂಡು ಹೋಗುವ ನಿಯಮ ಎರಡರಲ್ಲಿಯೂ ಇಲ್ಲ.

ಕರ್ನಾಟಕ ಸರ್ಕಾರವು 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ, ಅರುವತ್ತೈದು ತುಂಬಿದ ಸಣ್ಣ ರೈತ, ಕೃಷಿಕಾರ್ಮಿಕ, ನೇಕಾರ, ಮೀನುಗಾರ ಮೊದಲಾದವರಿಂದ ಕಾಸಿನ ವಂತಿಗೆಯನ್ನೂ ಬೇಡದೆ, ಸಂಬಳ ಕೊಡುವ ಧಣಿಯೇ ಇಲ್ಲದ ದುಡಿಮೆಗೂ ವಿಶ್ರಾಂತಿಯ ಹಕ್ಕುಂಟೆಂದು ಅಂಗೀಕರಿಸಿತು. ಈ ಔದಾರ್ಯವನ್ನು ಮುಕ್ತಕಂಠದಿಂದ ಹೊಗಳಬೇಕು. ಆದರೆ 400 ರೂಪಾಯಿಯಿಂದ ಹೊರಟ ಮಾಸಾಶನವು 2021ರಲ್ಲಿ 1,200ನ್ನು ತಲಪಿದ್ದು ಆಳುವವರಿಗೆ ಆಗಾಗ ಮನಸ್ಸು ಬಂದುದರಿಂದಲೇ ಹೊರತು ಯಾವ ಕಟ್ಟಳೆಯಿಂದಲೂ ಅಲ್ಲ. ಕೇಂದ್ರದ ವೃದ್ಧಾಪ್ಯ ವೇತನದ ಪಾಲಂತೂ, ಎಂಬತ್ತು ತುಂಬದವರಿಗೆ, 2007ರಿಂದ 200 ರೂಪಾಯಿಯಲ್ಲಿಯೇ ನಿಂತಿದೆ. ಸೊಪ್ಪು ಕಡಿದು ಕಡಿದು ರೇಖೆ ಸವೆದ ಹೆಬ್ಬೆಟ್ಟನ್ನು ಯಂತ್ರವು ಗುರುತಿಸದಾಗ, ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಮತ್ತೆ ಒತ್ತುವ ಅಜ್ಜಿಯ ಕೈಗೆ ಕೊನೆಗೂ ಬಂದ ಆ ಹಣವು, ಬಿ.ಪಿ. ಮಾತ್ರೆಗೂ ಒಂದು ಸಿಲಿಂಡರಿಗೂ ಕೊಡುವಷ್ಟರಲ್ಲಿ ಮುಗಿದುಹೋಗುತ್ತದೆ.

ಕಾರ್ಖಾನೆಯವನ ಪಾಡು ಇನ್ನೂ ಚಿಂತನೀಯ. ಏಕೆಂದರೆ ಅವನದು ದಾನವಲ್ಲ, ಅವನ ಹೆಸರಿನಲ್ಲಿ ಧಣಿಯು ಸಂಬಳದ ಶೇಕಡ 8.33ನ್ನು ತಿಂಗಳು ತಿಂಗಳೂ ಕಟ್ಟಿದ ನಿಧಿಯ ಫಲ. ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸುವುದು ಇಲ್ಲಿನ ಸೂತ್ರ. 2014ರಲ್ಲಿ ವಿಧಿಸಿದ 15,000 ರೂಪಾಯಿಯ ಮಿತಿಯನ್ನು ಹಿಡಿದು ಹದಿನಾಲ್ಕು ವರ್ಷದ ಸೇವೆಗೆ ಲೆಕ್ಕ ಹಾಕಿದರೆ ಸಿಗುವುದು 3,000. ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 1,000 ರೂಪಾಯಿಯ ಕನಿಷ್ಠ ಪಿಂಚಣಿಯು ದಶಕ ಕಳೆದರೂ ಕದಲಲಿಲ್ಲ. ಹಳೆಯ ಪದ್ಧತಿಯಲ್ಲಿ ನಿವೃತ್ತರಾದ ಮೇಷ್ಟರಿಗೆ ತುಟ್ಟಿಭತ್ಯೆ ಏರುತ್ತಲೇ ಇರುತ್ತದೆ. ಕೇಂದ್ರ ನೌಕರರಿಗೆಂದು 2025ರ ಏಪ್ರಿಲ್ 1ರಿಂದ ಜಾರಿಯಾದ ಏಕೀಕೃತ ಪಿಂಚಣಿ ಯೋಜನೆಯೂ ಆ ರಕ್ಷಣೆಯನ್ನು ಉಳಿಸಿಕೊಂಡಿದೆ. ಸಂಘಟಿತರಾಗಿ ಕೇಳಬಲ್ಲವರಿಗೆ ದೊರೆತದ್ದು ಉಳಿದವರಿಗೆ ದೊರೆಯದಿರುವುದು ಅನ್ಯಾಯ.

ನಿಧಿಗೆ ಇಷ್ಟು ಭಾರವನ್ನು ಹೊರುವ ಶಕ್ತಿಯಿಲ್ಲವೆಂಬ ಆಕ್ಷೇಪವನ್ನು ನಾನು ಲಘುವಾಗಿ ಕಾಣೆನು. ಆದರೆ ಸಂಬಳಕ್ಕೆ ಮಿತಿ ಹಾಕಿ ವಂತಿಗೆಯನ್ನು ತಡೆದವರೇ ನಿಧಿಯ ಬಡತನವನ್ನು ನೆಪವಾಗಿ ಮುಂದೊಡ್ಡುವುದು ಸಲ್ಲದು. ಬೆಲೆಯನ್ನು ಅಳೆಯುವ ಮಾನದಂಡವನ್ನು ಹೊಸದಾಗಿ ಹುಡುಕಬೇಕಾದ ಶ್ರಮವೂ ಇಲ್ಲ. ಇದೇ ರಾಜ್ಯದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆಯು ಗ್ರಾಹಕ ಬೆಲೆ ಸೂಚ್ಯಂಕವನ್ನು ಅನುಸರಿಸಿ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕೃತವಾಗುತ್ತದೆ. ಬಿಡದಿಯಲ್ಲಿ ದುಡಿಯುತ್ತಿರುವವರೆಗೆ ಒಬ್ಬನಿಗೆ ಅನ್ವಯಿಸುತ್ತಿದ್ದ ಆ ಲೆಕ್ಕವನ್ನೇ ಅವನ ಪಿಂಚಣಿಗೂ ಅವನ ತಾಯಿಯ ಸಂಧ್ಯಾ ಸುರಕ್ಷೆಗೂ ವಿಸ್ತರಿಸಬೇಕು. ಅದನ್ನು ಆಯವ್ಯಯದ ಭಾಷಣಕ್ಕೆ ಬಿಡದೆ ಶಾಸನದಲ್ಲಿಯೇ ಬರೆಯಬೇಕು.