ಎರ್ದಿಗ್ ಮನೆಯ ಮುಂಬಾಗಿಲು ಮತ್ತು ಹಿತ್ತಲು

ವೇಲ್ಸ್ ದೇಶದ ಈಶಾನ್ಯ ಭಾಗದಲ್ಲಿ, ರೆಕ್ಸಮ್ ನಗರದಿಂದ ದಕ್ಷಿಣಕ್ಕೆ ಎರಡು ಮೈಲಿ ದೂರದಲ್ಲಿ, ಎರ್ದಿಗ್ ಎಂಬ ಹಳೆಯ ಜಮೀನುದಾರರ ಮನೆಯಿದೆ. ಬ್ರಿಟನ್ನಿನ ಮಹಾಸೌಧಗಳ ಪಂಕ್ತಿಯಲ್ಲಿ ಇದರ ಮುಖ್ಯ ಕಟ್ಟಡಕ್ಕೆ ಮೊದಲ ಮಣೆ ಸಲ್ಲಲಾರದು. ಆದರೂ ವಾಸ್ತುಶಿಲ್ಪವನ್ನು ಯಾವ ಕಡೆಯಿಂದ ನೋಡಿ ಬೆಲೆಕಟ್ಟಬೇಕೆಂಬ ಪ್ರಶ್ನೆಯನ್ನು ಇದರಷ್ಟು ಸ್ಪಷ್ಟವಾಗಿ ಎತ್ತುವ ಮನೆಗಳು ವಿರಳ.

1684ರಲ್ಲಿ ಜೋಶುವಾ ಎಡಿಸ್‌ಬರಿ ಎಂಬ ಸ್ಥಳೀಯ ಗೃಹಸ್ಥನು ಮಿಡಲ್‌ವಿಚ್ಚಿನ ಥಾಮಸ್ ವೆಬ್ ಎಂಬ ಕಲ್ಲುಕುಟಿಗನ ಕೈಯಲ್ಲಿ ಇದನ್ನು ಕಟ್ಟಿಸಲು ತೊಡಗಿದನು. ಮನೆ ಎದ್ದು ನಿಂತಿತು, ಯಜಮಾನ ಕುಸಿದನು. ಸಾಲಿಗರಲ್ಲಿ ಒಬ್ಬನು, 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಅಧ್ಯಕ್ಷನಾಗಿದ್ದ ಎಲಿಹು ಯೇಲ್. ಇವನ ಸಮಾಧಿ ರೆಕ್ಸಮ್‌ನಲ್ಲಿಯೇ ಇದೆ. ಚೋಳಮಂಡಲ ತೀರದ ಹಣಕ್ಕೂ ಈ ವೇಲ್ಸ್ ಮನೆಯ ಋಣಪತ್ರಗಳಿಗೂ ಹೀಗೆ ಒಂದು ಗಂಟು ಬಿದ್ದಿದೆ. ಕೊನೆಗೆ ಲಂಡನ್ನಿನ ಶ್ರೀಮಂತ ವಕೀಲ ಜಾನ್ ಮೆಲ್ಲರನು ಮನೆಯನ್ನು ಕೊಂಡು, 1720ರ ದಶಕದಲ್ಲಿ ಎರಡು ಪಕ್ಕಗಳಿಗೂ ರೆಕ್ಕೆಗಳನ್ನು ಸೇರಿಸಿ ಒಳಾಂಗಣವನ್ನು ಶೃಂಗರಿಸಿದನು. 1733ರಲ್ಲಿ ಅವನ ಸೋದರಳಿಯ ಸೈಮನ್ ಯಾರ್ಕನಿಗೆ ಆಸ್ತಿ ಬಂದಿತು. ಮುಂದೆ ಎರಡು ಶತಮಾನಗಳಿಗೂ ಮೀರಿ ಅದು ಯಾರ್ಕ್ ವಂಶದಲ್ಲಿಯೇ ಉಳಿಯಿತು.

ಮುಖ್ಯ ಕಟ್ಟಡದ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಪಶ್ಚಿಮದ ಗಾಳಿಮಳೆಗೆ ಇಟ್ಟಿಗೆ ಸವೆದ ಕಾರಣ, 1770ರ ದಶಕದ ಆದಿಯಲ್ಲಿ ಆ ಮುಖಕ್ಕೆ ಕಲ್ಲಿನ ಹೊದಿಕೆ ಬಂದಿತು. ಇದು ಜೇಮ್ಸ್ ವಯಟ್ಟನ ಕೆಲಸವೆನ್ನುತ್ತಾರೆ. ಅಚ್ಚುಕಟ್ಟಾಗಿದೆ, ಸಮಪ್ರಮಾಣವಾಗಿದೆ, ಆದರೆ ನೀರಸ. ಉದ್ಯಾನದ ಕಡೆಗಿರುವ ಪೂರ್ವದ ಮುಖವಾದರೋ ಇಂದಿಗೂ ಬರಿಯ ಇಟ್ಟಿಗೆಯದು. ಉದ್ದವಾಗಿ, ಸಾವಧಾನವಾಗಿ ಹರಡಿಕೊಂಡ ಆ ಗೋಡೆಯೇ ಹೆಚ್ಚು ಪ್ರಾಮಾಣಿಕವಾದುದು.

ಎರ್ದಿಗ್‌ನ ನಿಜವಾದ ಸಾಧನೆ ಅದರ ಹೊರಕಟ್ಟಡಗಳಲ್ಲಿದೆ. ಕುದುರೆಲಾಯ, ಸಾರೋಟುಗಳ ಕೊಟ್ಟಿಗೆ, ಬಡಗಿಯ ಕಮ್ಮಟ, ಮರ ಕೊಯ್ಯುವ ಗುಂಡಿ, ಕಮ್ಮಾರನ ಕುಲುಮೆ, ರೊಟ್ಟಿ ಸುಡುವ ಮನೆ, ಬಟ್ಟೆ ಒಗೆಯಲೊಂದು ಒಣಗಿಸಿ ಮಡಿಸಲೊಂದು ಕೋಣೆ: ಇವೆಲ್ಲ ಅಂಗಳಗಳ ಸುತ್ತ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಮರ ಕೊಯ್ಯುವಲ್ಲಿ ಒಬ್ಬನು ಗುಂಡಿಯೊಳಗೆ, ಇನ್ನೊಬ್ಬನು ಮೇಲೆ ನಿಂತು ಉದ್ದ ಗರಗಸವನ್ನು ಎಳೆಯುತ್ತಿದ್ದರು. ಹಲಗೆಯಾದ ಮರಕ್ಕೆ ಬಡಗಿಯ ಮನೆ ದೂರವಿಲ್ಲ. ಇಲ್ಲಿ ಕೆಲಸದ ಕ್ರಮವೇ ಕಟ್ಟಡದ ಕ್ರಮ. ಬೆಂಕಿಯ ಭಯದಿಂದ ಮೊದಲು ಬೇರೆಯಾಗಿ ಕಟ್ಟಿ ಆಮೇಲೆ ಮನೆಗೆ ಕೂಡಿಸಿದ ಅಡುಗೆಮನೆಯ ಅಗಲವಾದ ಕಮಾನುಗಳ ಗಾಂಭೀರ್ಯ ಪಶ್ಚಿಮದ ಮುಖಕ್ಕೆ ದೊರೆಯಲಿಲ್ಲ. ಹಾಳುಮಾಡದಿದ್ದರೆ ಕೊರತೆಯಿಲ್ಲ ಎಂಬರ್ಥದ ನಾಣ್ಣುಡಿಯನ್ನು ಅಲ್ಲಿ ಬರೆದಿದ್ದಾರೆ. ಮನೆ ಕಟ್ಟಿಸಿ ದಿವಾಳಿಯಾದವನಿಗಲ್ಲ, ಸೌಟು ಹಿಡಿದವರಿಗೆ ಈ ಉಪದೇಶ!

ಈ ಅಂಗಳಗಳಲ್ಲಿ ದುಡಿದವರ ಮುಖಗಳೂ ಉಳಿದಿವೆಯೆಂಬುದು ಎರ್ದಿಗ್‌ನ ವಿಶೇಷ. 1790ರ ದಶಕದಲ್ಲಿ ಮೊದಲನೆಯ ಫಿಲಿಪ್ ಯಾರ್ಕನು ಡೆನ್‌ಬಿಯ ಜಾನ್ ವಾಲ್ಟರ್ಸ್ ಎಂಬ ಚಿತ್ರಕಾರನಿಂದ ಸೇವಕರ ಚಿತ್ರಗಳನ್ನು ಬರೆಯಿಸಿ, ತಾನೇ ಪದ್ಯಗಳನ್ನು ಹೊಸೆದು ಸೇರಿಸಿದನು. ಬಡಗಿ ಎಡ್ವರ್ಡ್ ಪ್ರಿನ್ಸ್, ಮುಪ್ಪಿನ ಮನೆಗೆಲಸದಾಕೆ ಜೇನ್ ಎಬ್ರೆಲ್ ಹೀಗೆ ಚರಿತ್ರೆಗೆ ಸಂದರು. ಮುಂದಿನ ಶತಮಾನದಲ್ಲಿ ಛಾಯಾಚಿತ್ರಗಳು ಈ ಪದ್ಧತಿಯನ್ನು ಮುಂದುವರಿಸಿದವು. ಯಜಮಾನನ ಅಕ್ಕರೆ ಕೃತ್ರಿಮವೆನ್ನಲು ಆಧಾರವಿಲ್ಲ. ಆದರೆ ಚಿತ್ರದ ಚೌಕಟ್ಟೂ ಪದ್ಯದ ಮಾತೂ ಯಜಮಾನನವೇ. ಅಲ್ಲಿ ಸೇವಕರು ತಮ್ಮ ಬಾಯಿಂದ ಮಾತನಾಡುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಬರ್ಶಮ್ ಕಲ್ಲಿದ್ದಲ ಗಣಿಯು ಮನೆಯ ಅಡಿಯನ್ನೇ ತೋಡಿ, ಕಟ್ಟಡ ಸುಮಾರು ಐದು ಅಡಿಗಳಷ್ಟು ಕುಸಿಯಿತು. ವಿದ್ಯುತ್ತಿಲ್ಲದೆ, ಸೋರುವ ಮಾಡಿನ ಕೆಳಗೆ ವಾಸಿಸಿದ ಕೊನೆಯ ಯಾರ್ಕನು 1973ರಲ್ಲಿ ಮನೆಯನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದನು. ಗಣಿಯವರಿಂದ ಪರಿಹಾರಧನ ಬಂದಿತು, ಜೀರ್ಣೋದ್ಧಾರ ನಡೆದು 1977ರಲ್ಲಿ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ಆದರೆ ಆ ಬಾಗಿಲು ಮುಂಬಾಗಿಲಲ್ಲ. ಮರ್ಲಿನ್ ವಾಟರ್‌ಸನ್ ಮೊದಲಾದವರು ಯೋಜಿಸಿದ ಕ್ರಮದಂತೆ, ನೋಡಬಂದವರು ಬಡಗಿಯ ಅಂಗಳ, ಲಾಯ, ಒಗೆಯುವ ಕೋಣೆ, ಅಡುಗೆಮನೆಗಳನ್ನು ದಾಟಿಯೇ ದಿವಾನಖಾನೆಯನ್ನು ಸೇರಬೇಕಾಯಿತು. ವಿಮರ್ಶೆಯ ದೃಷ್ಟಿಯಿಂದ ಇದು ಒಂದು ಗ್ರಂಥಕ್ಕೆ ಸಮನಾದ ತೀರ್ಮಾನ. ಕಟ್ಟಡವನ್ನು ಅದರ ಕಾರಣಗಳಿಂದ ಮೊದಲುಗೊಂಡು ಓದುವ ಕ್ರಮ ಇದರಿಂದ ಸಾಧ್ಯವಾಯಿತು.

ಅಪಾಯವೂ ಈ ದಾರಿಯಲ್ಲಿಯೇ ಇದೆ. ತೊಳೆದಿಟ್ಟ ತಾಮ್ರದ ಪಾತ್ರೆ, ಗೂಟಕ್ಕೆ ತೂಗಿದ ಉಳಿ, ನಗೆಪದ್ಯದ ಚಿತ್ರ: ಇವನ್ನು ಕಂಡವನಿಗೆ ಇದೊಂದು ಸುಖೀ ಕುಟುಂಬವೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಇದೇ ಅಡುಗೆಮನೆಯನ್ನೂ ಮನೆವಾರ್ತೆಯ ಲೆಕ್ಕವನ್ನೂ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬಳ ಮೇಲೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಯಜಮಾನರು ಕಳವಿನ ಮೊಕದ್ದಮೆ ಹೂಡಿದರು. ನ್ಯಾಯಾಲಯ ಆಕೆಯನ್ನು ನಿರ್ದೋಷಿಯೆಂದು ಬಿಟ್ಟಿತು. ಸೇವಕರ ಚಿತ್ರಗಳ ಪಕ್ಕದಲ್ಲಿ ಆ ಲೆಕ್ಕದ ಕಥೆಯನ್ನೂ, ಒಬ್ಬೊಬ್ಬರ ವರ್ಷದ ಸಂಬಳವನ್ನೂ ಬರೆದಿಟ್ಟರೆ ಅಂಗಳದ ಇಟ್ಟಿಗೆಗಳು ಇನ್ನಷ್ಟು ಚೆನ್ನಾಗಿ ಓದಿಸಿಕೊಂಡಾವು.