ಬೆನ್ನಿಗೊಂದೇ ಶೃಂಗಾರ

ಹೋದ ವಾರ ನಮ್ಮ ಬೀದಿಯ ಹುಡುಗಿಯೊಬ್ಬಳು ತನ್ನ ಧಾರೆಯ ರವಿಕೆ ತೋರಿಸಲು ಅಮ್ಮನ ಜೊತೆ ಮನೆಗೆ ಬಂದಿದ್ದಳು. ಕುಂಕುಮಗೆಂಪು ರೇಷ್ಮೆ. ಬೆನ್ನಿನ ತುಂಬ ಆರಿ ವರ್ಕ್: ಎದುರು ಬದುರು ಎರಡು ನವಿಲು, ನಡುವೆ ಕಮಲ, ಕೊಕ್ಕಿನ ತುದಿಗೆ ಅಕ್ಕಿಕಾಳಿನಷ್ಟು ಮುತ್ತು. ಹೊಲಿದವರ ಕೈ ನಿಜಕ್ಕೂ ಚೆನ್ನಾಗಿತ್ತು. “ಜಡೆ ಏನು ಹಾಕಿಸ್ಕೊಳ್ತೀಯಮ್ಮ?” ಅಂತ ಕೇಳಿದೆ. “ಮೊಗ್ಗಿನ ಜಡೆ ಆಂಟಿ, ಸೊಂಟದ ಕೆಳಗಿನವರೆಗೂ” ಅಂದಳು.

ರವಿಕೆಯನ್ನು ಮೇಜಿನ ಮೇಲೆ ಹರಡಿದೆ. ಎಡಗಡೆಗೆ ಸೆರಗಿನ ಲೆಕ್ಕದಲ್ಲಿ ಒಂದು ಶಲ್ಯ ಹಾಸಿದೆ. ನಡುವೆ, ಜಡೆ ಬೀಳುವ ಜಾಗದಲ್ಲಿ, ಅಂಗೈ ಅಗಲಕ್ಕೆ ಮಡಿಸಿದ ಟವೆಲ್ ಇಟ್ಟೆ. ಶಲ್ಯದಡಿ ಒಂದು ನವಿಲು ಹೋಯಿತು, ಟವೆಲ್ಲಿನಡಿ ಕಮಲ ಹೋಯಿತು. ಉಳಿದದ್ದು ಅರ್ಧ ನವಿಲು. ತಾಯಿ ಮಗಳು ಇಬ್ಬರೂ ಮಾತಾಡಲಿಲ್ಲ.

ಮದುವೆಯ ತಯಾರಿಯಲ್ಲಿ ಮುಖಕ್ಕೆ ಕೊಡುವ ಗಮನದ ಕಾಲುಪಾಲನ್ನೂ ನಾವು ಬೆನ್ನಿಗೆ ಕೊಡುವುದಿಲ್ಲ. ಸೀರೆ ಒಂದು ಅಂಗಡಿಯಲ್ಲಿ, ರವಿಕೆ ಇನ್ನೊಬ್ಬರ ಹತ್ತಿರ, ಜಡೆ ಪಾರ್ಲರಿನವರ ಪಾಲಿಗೆ. ಮೂವರೂ ತಂತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿರುತ್ತಾರೆ. ಮೂರೂ ಬಂದು ಸೇರುವುದು ಮಾತ್ರ ಆ ಒಂದು ಗೇಣು ಬೆನ್ನಿನ ಮೇಲೆ. ಅಲ್ಲಿ ಒಂದಕ್ಕೇ ಜಾಗ. ಜರಿ ತುಂಬಿದ ಕಾಂಚೀಪುರಂ ಉಡುವವರಿಗೆ ಸಾದಾ ಹೆಣಿಗೆ, ಮೇಲೆ ಜಡೆಬಿಲ್ಲೆ, ತುದಿಗೆ ಕುಚ್ಚು ಸಾಕು. ಕಸೂತಿಯೇ ಕಾಣಬೇಕು ಎನ್ನುವವರು ತುರುಬು ಕಟ್ಟಿಸಿ ಬೆನ್ನನ್ನು ಬಿಟ್ಟುಕೊಡಲಿ. ಆದರೆ ನನ್ನನ್ನು ಕೇಳಿದರೆ, ಮುಹೂರ್ತದ ಬೆನ್ನು ಮೊಗ್ಗಿನ ಜಡೆಯದ್ದು.

ಅದಕ್ಕೆ ಹೇಳಿ ಮಾಡಿಸಿದ್ದು ಮೈಸೂರು ರೇಷ್ಮೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆಯ ಒಡಲು ಸಾದಾ, ಜರಿಯೆಲ್ಲ ಅಂಚಿಗೆ. ಮೈಗೆ ಅಂಟಿ ಇಳಿಯುವ ಬಟ್ಟೆ, ಜಡೆಯ ಅಡಿಯಲ್ಲಿ ಉಬ್ಬಿ ನಿಲ್ಲುವುದಿಲ್ಲ. ಕೆಂಪಂಚಿನ ಬಿಳಿ ಧಾರೆ ಸೀರೆಯಾದರೆ ಸ್ವಲ್ಪ ಎಚ್ಚರ ಬೇಕು. ಬಿಳಿ ಸೆರಗಿನ ಮೇಲೆ ಬಿಳಿ ಮೊಗ್ಗು ಬಿದ್ದರೆ ಜಡೆ ಇದೆಯೋ ಇಲ್ಲವೋ ತಿಳಿಯದು. ಸೆರಗನ್ನು ಸಣ್ಣ ನೆರಿಗೆ ಹಿಡಿದು ಭುಜದ ಅಂಚಿಗೆ ಪಿನ್ ಮಾಡಿ, ಜಡೆಯ ಹಿಂದೆ ಸಾದಾ ಕೆಂಪು ರವಿಕೆ ಬರುವಂತೆ ನೋಡಿಕೊಳ್ಳಬೇಕು. ಜಡೆಯ ಎರಡೂ ಅಂಚಿಗೆ ಒಂದೊಂದು ಎಳೆ ಕನಕಾಂಬರ ಹಾಕಿಸಿದರೆ ದೂರಕ್ಕೂ ಗೆರೆ ಎದ್ದು ಕಾಣುತ್ತದೆ.

ನನ್ನ ಮೊದಲ ಮೊಗ್ಗಿನ ಜಡೆ ಏಳನೇ ವಯಸ್ಸಿನದು. ಅಜ್ಜಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಚೌರಿ ಸೇರಿಸಿ ಹೆಣೆದು, ದುಂಡು ಮಲ್ಲಿಗೆಯ ಮೊಗ್ಗನ್ನು ಸೂಜಿಯಲ್ಲಿ ಪೋಣಿಸಿ, ಆ ಸಾಲನ್ನು ಹೆಣಿಗೆಗೇ ಹೊಲಿಯುತ್ತಿದ್ದರು. ಮೊಗ್ಗೆಲ್ಲ ಒಂದೇ ಉದ್ದ ಇರಬೇಕು. ಉದ್ದದ್ದು, ಗಿಡ್ಡದ್ದು ಬೇರೆ ಬೇರೆ ತಟ್ಟೆಗೆ ಆರಿಸುವುದು ಅತ್ತೆಯ ಕೆಲಸ. ಮುಗಿಯುವ ಹೊತ್ತಿಗೆ ಕತ್ತು ಸೋತಿರುತ್ತಿತ್ತು. ಆಮೇಲೆ ಸ್ಟುಡಿಯೋಗೆ ಹೋಗಿ, ಕನ್ನಡಿಗೆ ಬೆನ್ನು ಕೊಟ್ಟು ನಿಂತು ಫೋಟೋ. ಒಂದೇ ಚಿತ್ರದಲ್ಲಿ ಮುಖವೂ ಜಡೆಯೂ. ಅಂಥ ಫೋಟೋ ಇಲ್ಲದ ಹಳೇ ಆಲ್ಬಂ ನಮ್ಮ ಕಡೆ ಕಡಿಮೆ.

ಈಗ ಜಡೆ ಸಿದ್ಧವಾಗಿಯೇ ಬರುತ್ತದೆ, ತಂದು ಹೆಣಿಗೆಗೆ ಕಟ್ಟಿದರಾಯಿತು. ತಪ್ಪೇನಿಲ್ಲ. ಒಂದು ಮಾತು ಮಾತ್ರ ಹೂವಿನವರಿಗೆ ಮೊದಲೇ ಹೇಳಿ: ಅಡಿಗೆ ರಟ್ಟು ಬೇಡ, ಬಟ್ಟೆ ಇರಲಿ. ರಟ್ಟಿನ ಜಡೆ ಬಾಗುವುದಿಲ್ಲ. ಹುಡುಗಿ ಹಸೆಮಣೆಯ ಮೇಲೆ ಕೂತಾಗ ತುದಿ ನೆಲಕ್ಕೆ ತಾಗಿ, ಬುಡ ಮೇಲಕ್ಕೆ ಒತ್ತಿ, ಕತ್ತು ಮುಂದಕ್ಕೆ ಹೋಗುತ್ತದೆ. ನಮ್ಮದೇ ಮನೆಯ ಒಂದು ಮದುವೆಯಲ್ಲಿ ಮದುಮಗಳು ಎರಡು ಗಂಟೆ ಹಾಗೇ ಕೂತು, ಆಮೇಲೆ ತಲೆನೋವಿನಿಂದ ಊಟವನ್ನೇ ಮಾಡಲಿಲ್ಲ. ಅಂದಿನಿಂದ ನಾನು ಜಡೆಯ ಉದ್ದವನ್ನು ನಿಲ್ಲಿಸಿ ಅಳೆಯುವುದಿಲ್ಲ, ಮಣೆಯ ಮೇಲೆ ಕೂರಿಸಿಯೇ ಅಳೆಯುತ್ತೇನೆ.

ಮೊಗ್ಗಿಗೂ ಒಂದು ವೇಳೆ ಇದೆ. ಬೆಳಿಗ್ಗೆ ಕಿತ್ತ ಮಲ್ಲಿಗೆ ಸಂಜೆಗೆ ಅರಳುತ್ತದೆ. ಹೊಲಿದಾಗ ಹಲ್ಲಿನ ಸಾಲಿನಂತಿದ್ದ ಜಡೆ ದೀಪ ಹಚ್ಚುವ ಹೊತ್ತಿಗೆ ಬಾಯಿಬಿಟ್ಟು, ವಿನ್ಯಾಸ ಕರಗಿ, ಬರೀ ಹೂರಾಶಿ. ಪರಿಮಳ ಆಗಲೇ ಜಾಸ್ತಿ, ನಿಜ. ಆದರೆ ರೂಪ ಹೋಗಿರುತ್ತದೆ. ಆದ್ದರಿಂದ ಬೆಳಗಿನ ಮುಹೂರ್ತಕ್ಕೆ ಮೊಗ್ಗಿನ ಜಡೆ, ಸಂಜೆಯ ಆರತಕ್ಷತೆಗೆ ತುರುಬು ಮತ್ತು ಅರಳುವ ದಂಡೆ. ತುರುಬಿಗೆ ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯ ಸಮ ಇಲ್ಲ. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿಯೇ ಬರುತ್ತದೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ ಅನ್ನುವುದು ಅಲ್ಲಿನ ಲೆಕ್ಕ.

ಶಾಸ್ತ್ರಗಳ ಕಡೆಗೂ ಗಮನ ಇರಲಿ. ಬೆಳಗಿನ ಜಾವದ ಮಂಗಳಸ್ನಾನದಲ್ಲಿ ತಲೆಗೆ ನೀರು ಬಿದ್ದೇ ಬೀಳುತ್ತದೆ, ಒದ್ದೆ ಕೂದಲಲ್ಲಿ ಪಿನ್ ನಿಲ್ಲದು. ಒಣಗಿಸಲು ಮುಕ್ಕಾಲು ಗಂಟೆ ಬಿಡಿ, ಸಾಂಬ್ರಾಣಿ ಹೊಗೆ ಕೊಟ್ಟರೆ ಇನ್ನೂ ಒಳ್ಳೆಯದು. ಬಾಸಿಂಗ ಕಟ್ಟುವ ಮನೆತನವಾದರೆ ಬೈತಲೆಬೊಟ್ಟಿನ ಪದಕ ಚಿಕ್ಕದಿರಲಿ, ಎರಡೂ ಹಣೆಯ ಮೇಲೇ ಬರುತ್ತವೆ. ಬಾಸಿಂಗದ ದಾರ ಕಿವಿಯ ಮೇಲಿಂದ ಹಿಂದಕ್ಕೆ ಹೋಗುವುದರಿಂದ ಅಲ್ಲಿ ಕೂದಲನ್ನು ಉಬ್ಬಿಸಬಾರದು. ಜೀರಿಗೆ ಬೆಲ್ಲ ನೆತ್ತಿಗೇ ಬೀಳುತ್ತದೆ, ನೆತ್ತಿ ನುಣುಪಾಗಿ ಬಾಚಿದ್ದರೆ ಕೊಡವಿದರೆ ಹೋಯಿತು. ಕ್ರಿಂಪ್ ಮಾಡಿ ಎತ್ತರಿಸಿದ ಕೂದಲಿಗೆ ಸಿಕ್ಕ ಅಕ್ಷತೆಕಾಳನ್ನು ಮಾರನೇ ದಿನವೂ ಹುಡುಕಬೇಕು.

ಸೀರೆ ಉಡುವ ರೀತಿ ಬದಲಾದಂತೆ ತಲೆಯೂ ಬದಲಾಗಬೇಕೆಂದು ಹಿರಿಯರಿಗೆ ಗೊತ್ತಿತ್ತು. ಕೊಡಗಿನಲ್ಲಿ ಸೀರೆಯ ನೆರಿಗೆಯೇ ಹಿಂದಕ್ಕೆ, ತಲೆಯ ಮೇಲೆ ಕೆಂಪು ವಸ್ತ್ರ. ಹಾಗಾಗಿ ತಗ್ಗಿನ ಗಂಟು, ಅಷ್ಟೇ. ಇಳಕಲ್ ಸೀರೆಯ ಸೆರಗನ್ನು ತಲೆಗೆ ಹೊದೆಯುವ ಕಡೆಯೂ ತುರುಬು ಕತ್ತಿಗೆ ಅಂಟಿಕೊಂಡೇ ಇರುತ್ತದೆ. ಮಂಗಳೂರಿನ ಕ್ರೈಸ್ತ ಮದುವೆಯಲ್ಲಿ ರೋಸ್ ಶಾಸ್ತ್ರದ ದಿನ ತೆಂಗಿನಹಾಲು ಹಚ್ಚುತ್ತಾರೆ, ಅದರ ಜಿಡ್ಡು ಪೂರ್ತಿ ಹೋಗುವಂತೆ ತಲೆ ತೊಳೆಯಬೇಕು. ಇಗರ್ಜಿಗೆ ಬಿಳಿ ಗೌನ್ ಆದರೆ ವೇಲ್‌ನ ಬಾಚಣಿಗೆ ಸಿಕ್ಕಿಸಲು ಗಟ್ಟಿ ತುರುಬು ಬೇಕು. ಕತ್ತಿನವರೆಗೆ ಲೇಸ್ ಇರುವ ಗೌನಿಗೆ ಕೂದಲು ಇಳಿಬಿಟ್ಟರೆ ಲೇಸೂ ಕಾಣದು, ಕತ್ತೂ ಕಾಣದು. ಆಮೇಲೆ ಕೆಂಪು ಸಾಡೊ ಸೀರೆ ಉಟ್ಟಾಗ ಅದೇ ತುರುಬಿಗೆ ಮಲ್ಲಿಗೆ ಸುತ್ತಿದರೆ ಮುಗಿಯಿತು, ಬಿಚ್ಚಿ ಕಟ್ಟುವ ಕೆಲಸ ಇಲ್ಲ.

ನಮ್ಮ ಬೀದಿಯ ಹುಡುಗಿ ನಿನ್ನೆ ಮತ್ತೆ ಬಂದಿದ್ದಳು. ನವಿಲಿನ ರವಿಕೆ ಆರತಕ್ಷತೆಗೆ, ಮೇಲೆ ತುರುಬು. ಧಾರೆಗೆ ಸಾದಾ ಕೆಂಪು ರವಿಕೆ, ತೋಳಿಗಷ್ಟೇ ಜರಿಯಂಚು. ಮಣೆ ಹಾಕಿ ಕೂರಿಸಿ, ಕತ್ತಿನ ಬುಡದಿಂದ ದಾರ ಹಿಡಿದು, ನೆಲಕ್ಕೆ ನಾಲ್ಕು ಬೆರಳು ಮೇಲೆ ಗಂಟು ಹಾಕಿಕೊಂಡೆ. ಇನ್ನೊಂದು ಕೆಲಸ ಬಾಕಿ ಇತ್ತು. ಮಾಂಗಲ್ಯ ಕಟ್ಟುವಾಗ ಜಡೆ ಎತ್ತಿ ಹಿಡಿಯುವುದು ಅವಳ ನಾದಿನಿ. ಹೂ ಹೊತ್ತ ಜಡೆಯನ್ನು ತುದಿ ಹಿಡಿದು ಎಳೆದರೆ ಬುಡದ ಪಿನ್ನೆಲ್ಲ ಕಿತ್ತುಬರುತ್ತದೆ. ಅಡಿಯಿಂದ ಅಂಗೈ ಕೊಟ್ಟು, ಮಗುವಿನ ಕತ್ತಿಗೆ ಕೈ ಕೊಡುವ ಹಾಗೆ ಎತ್ತಬೇಕು. ಆ ನಾದಿನಿಗೆ ಫೋನು ಹಚ್ಚಿಸಿ, ಅಷ್ಟನ್ನು ನಾನೇ ಹೇಳಿದೆ.