ಗಿಣ್ಣ ಬೇರೆ, ಚೀಸ್ ಬೇರೆ

‘ಚೀಸ್’ ಎದುರಾದರೆ ಸಾಕು, ನಮ್ಮ ಅನುವಾದಕರು ‘ಗಿಣ್ಣು’ ಎಂದು ಬರೆದು ಮುಂದೆ ಹೋಗುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಎಮ್ಮೆ ಕಟ್ಟಿದ ಯಾವ ಮನೆಯಲ್ಲೂ ಈ ಮಾತು ನಡೆಯದು.

ಗಿಣ್ಣ ಆಗಬೇಕಾದರೆ ಮೊದಲು ಎಮ್ಮೆ ಈಯಬೇಕು. ಕರು ಕುಡಿದು ಬಿಟ್ಟ ಮೊದಲ ದಿನದ ಹಾಲು ಹಳದಿ ಬಣ್ಣದ್ದು, ಕೈಗೆ ಅಂಟುವಂಥದು. ಅದಕ್ಕೆ ಮಾಮೂಲಿ ಹಾಲು ಬೆರೆಸಿ, ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿ ಹಬೆಯಲ್ಲಿ ಬೇಯಿಸಿದರೆ ತಾನೇ ಗಟ್ಟಿಯಾಗುತ್ತದೆ. ಹೆಪ್ಪು ಬೇಡ, ಹುಳಿ ಬೇಡ. ಕರುವನ್ನು ರೋಗದಿಂದ ಕಾಯಲೆಂದು ಆ ಹಾಲಿನಲ್ಲಿ ತುಂಬಿರುವ ಪ್ರೋಟೀನುಗಳು ಕಾವಿಗೆ ಬಿಗಿದುಕೊಳ್ಳುತ್ತವೆ. ದಿನ ಕಳೆದಂತೆ ಅವು ಕಡಿಮೆಯಾಗುತ್ತವೆ. ಮೊದಲ ದಿನದ ಗಿಣ್ಣವನ್ನು ಚಾಕುವಿನಿಂದ ಕೊಯ್ಯಬೇಕು, ಮೂರನೆಯ ದಿನದ್ದಕ್ಕೆ ಚಮಚ ಸಾಕು. ಮಾರುವ ಮಾತೇ ಇಲ್ಲ, ಓಣಿಗೆ ಹಂಚುವುದೇ ರೂಢಿ.

ಚೀಸ್ ಹುಟ್ಟುವುದು ಕೇಸೀನ್ ಎಂಬ ಬೇರೆ ಪ್ರೋಟೀನಿನಿಂದ. ಅದನ್ನು ಒಡೆದು ಗಟ್ಟಿ ಮಾಡಲು ಯುರೋಪಿನವರು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಿದ್ದರು. ನಮ್ಮವರು ಆ ದಾರಿ ಹಿಡಿಯಲಿಲ್ಲ. ಹಾಗೆಂದು ಹಾಲು ಒಡೆಸಲು ಬಾರದವರಲ್ಲ: ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಶಾಸನಗಳನ್ನು ಬಿಟ್ಟುಹೋದ ಕಲ್ಯಾಣ ಚಾಲುಕ್ಯರ ಮನೆತನದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಒಡೆದ ಹಾಲಿನ ಸಿಹಿತಿಂಡಿ ಮಾಡುವ ಬಗೆ ಬರೆಸಿದ್ದಾನೆ.

ಚೀಸಿಗೆ ಹೆಸರು ಬೇಕೆಂದರೆ ಕಡ ತಂದರಾಯಿತು, ನಾಚಿಕೆ ಏಕೆ? ಹೈನಿನಲ್ಲೇ ಬದುಕಿದ ಐರ್ಲೆಂಡಿನವರು ಕೂಡ ಚೀಸಿಗೆ ‘ಕಾಶ್’ ಎಂಬ ಮಾತನ್ನು ಲ್ಯಾಟಿನ್ನಿನ ‘ಕಾಸೆಯುಸ್’ನಿಂದ ತಂದುಕೊಂಡರು. ಕೇಸೀನ್ ಎಂಬ ಹೆಸರಿನ ಬೇರೂ ಅದೇ. ಕಡ ತಂದ ಮೇಲೆ ಅದನ್ನು ತಮ್ಮ ವ್ಯಾಕರಣದಲ್ಲಿ ಚೆನ್ನಾಗಿ ಪಳಗಿಸಿದರು. ಅಲ್ಲಿ ಅದು ಸ್ತ್ರೀಲಿಂಗ. ಅದರ ಮೊದಲು ‘ಅನ್’ (ಇಂಗ್ಲಿಷಿನ ‘ದಿ’ಯಂಥ ಪದ) ಸೇರಿದರೆ ಮೊದಲ ‘ಕ’ ಕರಗಿ ಗಂಟಲಿನ ‘ಖ’ದಂತೆ ಉಲಿಯುತ್ತದೆ. ನಮಗೆ ಇದು ಹೊಸತಲ್ಲ. ಹಳಗನ್ನಡದ ‘ಪಾಲ್’ ಬಿಡಿಯಾಗಿ ನಿಂತು ‘ಹಾಲು’ ಆಯಿತು, ‘ನೊರೆ’ಯ ಪಕ್ಕ ಕೂತರೆ ‘ನೊರೆವಾಲು’. ‘ಚೀಸ್’ ಕೂಡ ಆಗಲೇ ‘ಚೀಸಿನ’, ‘ಚೀಸಿಗೆ’ ಎಂದು ವಿಭಕ್ತಿ ಹಚ್ಚಿಕೊಂಡು ಹಗರಿಬೊಮ್ಮನಹಳ್ಳಿಯ ಬೇಕರಿಯಲ್ಲಿ ಆರಾಮಾಗಿದೆ. ಅದಕ್ಕೆ ಇನ್ನೊಬ್ಬರ ಹೆಸರು ಬೇಕಿಲ್ಲ.

ನನ್ನ ಇನ್ನೊಂದು ತಕರಾರು ಇರುವುದು ಚೈನಾಗ್ರಾಸ್ ಹಾಕಿ ಗಟ್ಟಿ ಮಾಡಿದ್ದನ್ನೂ ಗಿಣ್ಣು ಎಂದು ಮಾರುವವರ ಮೇಲೆ. ಕೊಯ್ದು ನೋಡಿ: ನಿಜವಾದ ಗಿಣ್ಣದಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಬೆಲ್ಲದ ನೀರು ಜಿನುಗುತ್ತದೆ. ನುಣ್ಣಗೆ ಹೊಳೆಯುತ್ತಿದ್ದರೆ ದುಡ್ಡು ಕೊಡಬೇಡಿ.